ಕೊಳ್ಳೇಗಾಲದಷ್ಟೇ ಒಂದು ದೇಶ

ಕ್ರಿಕೆಟ್ ಹುಚ್ಚಿನ ಮಕ್ಕಳಿಗೆ ಗೊತ್ತಿರಬಹುದು. ಇಲ್ಲವಾದರೆ ಅವರ ಅಪ್ಪಂದಿರಿಗಾದರೂ ನೆನಪಿದ್ದೀತು. 2007ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕದ ಗಿಬ್ಸ್ ಹಾಲೆಂಡ್ ತಂಡದ ವಿರುದ್ಧ ಒಂದೇ ಓವರಿನ ಆರೂ ಚೆಂಡುಗಳನ್ನು ಸಿಕ್ಸರ್‌ಗೆ ಎತ್ತಿದರು. ಆ ಪಂದ್ಯ ನಡೆದದ್ದು ಸೇಂಟ್ ಕಿಟ್ಸ್ ಎಂಬ ದ್ವೀಪದಲ್ಲಿ. ಕೆರಿಬಿಯನ್ ಸಮುದ್ರದ ಈ ದ್ವೀಪವೂ ಪಕ್ಕದ ನೆವಿಸ್ ದ್ವೀಪವೂ ಸೇರಿ ಒಂದು ಸ್ವತಂತ್ರ ದೇಶ. 1983ರಲ್ಲಿ ಬ್ರಿಟಿಷರಿಂದ ಬಿಡುಗಡೆ ಪಡೆಯಿತು. ವಿಶ್ವಸಂಸ್ಥೆಯಲ್ಲಿ ಭಾರತಕ್ಕೆ ಒಂದು ಮತ, ಅದಕ್ಕೂ ಒಂದು ಮತ.

ಆ ದೇಶದ ವಿಸ್ತೀರ್ಣ 261 ಚದರ ಕಿಲೋಮೀಟರ್. ನಮ್ಮ ಯಳಂದೂರು ತಾಲ್ಲೂಕಿನದೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿನ ಜನಸಂಖ್ಯೆ 2022ರ ಗಣತಿಯ ಪ್ರಕಾರ ಸುಮಾರು 51 ಸಾವಿರ. ಕೊಳ್ಳೇಗಾಲ ಪಟ್ಟಣವೊಂದರಲ್ಲೇ 2011ರಲ್ಲಿ 57 ಸಾವಿರ ಜನರಿದ್ದರು. ಅಂದರೆ ಯಳಂದೂರಿನಷ್ಟು ನೆಲದ ಮೇಲೆ ಕೊಳ್ಳೇಗಾಲ ಪೇಟೆಯ ಜನರನ್ನು ಕೂರಿಸಿ, ಅದಕ್ಕೊಬ್ಬ ಪ್ರಧಾನಿ, ಒಂದು ಬಾವುಟ, ಒಂದು ಪಾರ್ಲಿಮೆಂಟು ಕೊಟ್ಟರೆ ಆ ದೇಶ ಆಯಿತು!

ಇಷ್ಟು ಹೇಳಿ ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಆ ಪುಟ್ಟ ದೇಶದ ಜನಸಂಖ್ಯೆಯ ಕಥೆಯಲ್ಲಿ ನಮ್ಮ ಮೂರು ತಾಲ್ಲೂಕುಗಳಿಗೆ ಹತ್ತಿರವಾದ ಒಂದು ಸಂಗತಿ ಇದೆ. 1960ರಲ್ಲಿ ಅಲ್ಲಿದ್ದವರು ಸುಮಾರು 51 ಸಾವಿರ. 1991ರ ಹೊತ್ತಿಗೆ 40 ಸಾವಿರದ ಆಸುಪಾಸಿಗೆ ಇಳಿಯಿತು. ಮತ್ತೆ ಏರಿ ಈಗ ಪುನಃ 51 ಸಾವಿರ. ನಡುವೆ ಅಲ್ಲಿ ಬರ ಬರಲಿಲ್ಲ, ಯುದ್ಧವಾಗಲಿಲ್ಲ. ಮಕ್ಕಳು ಹುಟ್ಟುತ್ತಲೇ ಇದ್ದರು. ಆದರೂ ಸಂಖ್ಯೆ ಇಳಿಯಿತು. ಕಾರಣ, ದುಡಿಯುವ ವಯಸ್ಸಿನವರು ಹಡಗು, ವಿಮಾನ ಹತ್ತಿ ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋದರು. ಕಬ್ಬಿನ ಗದ್ದೆಯ ಕೂಲಿಯಲ್ಲಿ ಬದುಕು ಸಾಗುತ್ತಿರಲಿಲ್ಲ. ಕೊನೆಗೆ 2005ರಲ್ಲಿ ಸರಕಾರವೇ ಸಕ್ಕರೆ ಉದ್ಯಮವನ್ನು ಮುಚ್ಚಿಬಿಟ್ಟಿತು.

ಈಗ ನಮ್ಮ ಕಡೆಯ ಲೆಕ್ಕ ನೋಡೋಣ. ಶಾಲೆಯಲ್ಲಿ ನಾವೆಲ್ಲ ‘ಜನಸಂಖ್ಯಾ ಸ್ಫೋಟ’ ಎಂಬ ಪ್ರಬಂಧ ಬರೆದವರೇ. ಪೀಠಿಕೆ, ಕಾರಣಗಳು, ದುಷ್ಪರಿಣಾಮಗಳು, ಉಪಸಂಹಾರ. ಇಂದಿಗೂ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಿರುವುದನ್ನು ಕಂಡಿದ್ದೇನೆ. ಆದರೆ ಚಾಮರಾಜನಗರ ಜಿಲ್ಲೆಯ ಅಂಕಿ ಏನು ಹೇಳುತ್ತದೆ? 2001ರಲ್ಲಿ 9,65,462 ಜನ. 2011ರಲ್ಲಿ 10,20,791. ಹತ್ತು ವರ್ಷದಲ್ಲಿ ಏರಿದ್ದು ಶೇಕಡಾ 5.73. ಬೇರೆ ಮಾತಿನಲ್ಲಿ ಹೇಳುವುದಾದರೆ, ನೂರು ಜನ ಇದ್ದ ಕಡೆ ಹತ್ತು ವರ್ಷದ ಮೇಲೂ ನೂರಾ ಆರು ತುಂಬಲಿಲ್ಲ. ಅದೇ ಅವಧಿಯಲ್ಲಿ ಇಡೀ ಕರ್ನಾಟಕದಲ್ಲಿ ನೂರು ಇದ್ದದ್ದು ನೂರಾ ಹದಿನೈದು ದಾಟಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ ನೂರಾ ನಲವತ್ತೇಳಾಯಿತು. ಸ್ಫೋಟ ಎಲ್ಲಿದೆ ಎಂದು ಈಗ ನೀವೇ ಹೇಳಿ. ರಾಜ್ಯದಲ್ಲಿ ಇದಕ್ಕಿಂತ ನಿಧಾನವಾಗಿ ಬೆಳೆದ ಜಿಲ್ಲೆಗಳೂ ಇವೆ. ಕೊಡಗಿನಲ್ಲಿ ಶೇಕಡಾ ಒಂದರಷ್ಟು ಏರಿತು, ಚಿಕ್ಕಮಗಳೂರಿನಲ್ಲಿ ಇಳಿದೇ ಹೋಯಿತು.

ಯಾವ ಊರಿನ ಜನಸಂಖ್ಯೆಯಾದರೂ ಬದಲಾಗುವುದು ನಾಲ್ಕೇ ಬಾಗಿಲುಗಳಿಂದ. ಹುಟ್ಟು ಮತ್ತು ಸಾವು ಎರಡು. ಹೊರಗಿನಿಂದ ಬರುವವರು ಮತ್ತು ಹೊರಗೆ ಹೋಗುವವರು ಇನ್ನೆರಡು. ಸಂಖ್ಯೆ ಏರಿತೋ ಇಳಿಯಿತೋ ಎಂದು ಕೇಳಿದರೆ ಸಾಲದು. ಯಾವ ಬಾಗಿಲು ತೆರೆದಿತ್ತು ಎಂದು ಕೇಳಬೇಕು.

ಒಂದು ಕಾಲದಲ್ಲಿ ನಮ್ಮ ಕಡೆ ಸಾವಿನ ಬಾಗಿಲು ಹಾರುಹೊಡೆದಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದರೆ ಸಿಕ್ಕಿದ್ದು 42 ಲಕ್ಷಕ್ಕೂ ಕಡಿಮೆ. ನಡುವೆ 1876ರಿಂದ 78ರವರೆಗೆ ಬಂದು ಹೋದದ್ದು ಧಾತು ಸಂವತ್ಸರದ ಬರ. ಆರರಲ್ಲಿ ಒಂದು ಪಾಲು ಜನ ಲೆಕ್ಕದಿಂದ ಮಾಯ. ಆಮೇಲೆ ಪ್ಲೇಗು, 1918ರ ಇನ್‌ಫ್ಲುಯೆಂಜಾ.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಹಳೆಯ ಗಣತಿ ಪುಸ್ತಕಗಳಲ್ಲಿ ಈ ಮೂರೂ ಊರುಗಳನ್ನು ಒಂದೇ ಕಡೆ ಹುಡುಕಿದರೆ ಸಿಗುವುದಿಲ್ಲ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಯಳಂದೂರು ಮೈಸೂರಿನ ಸಂಪುಟದಲ್ಲಿದೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದರ ಲೆಕ್ಕ ಮದರಾಸಿನ ಸಂಪುಟದಲ್ಲಿ. ಹನೂರು ಎಂಬ ತಾಲ್ಲೂಕಿನ ಲೆಕ್ಕವಂತೂ ಯಾವ ಗಣತಿಯಲ್ಲೂ ಇಲ್ಲ. 2017ರಲ್ಲಿ ಸರಕಾರ ಹೊಸ ತಾಲ್ಲೂಕು ಎಂದು ಘೋಷಿಸುವವರೆಗೆ ಅದು ಕೊಳ್ಳೇಗಾಲದ ಹೊಟ್ಟೆಯೊಳಗೇ ಇತ್ತು. ವಿಧಾನಸಭಾ ಕ್ಷೇತ್ರವಾಗಿ ಹನೂರಿಗೆ ಶಾಸಕರು ಮೊದಲು ಬಂದರು, ತಹಸೀಲ್ದಾರರು ಆಮೇಲೆ.

ಇನ್ನು ಹುಟ್ಟಿನ ಬಾಗಿಲು. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ 1992-93ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೂರಕ್ಕೆ ಹತ್ತಿರವಿತ್ತು. 2019-21ರ ಸಮೀಕ್ಷೆಯಲ್ಲಿ ಅದು 1.7. ತಂದೆ ತಾಯಿ ಇಬ್ಬರ ಜಾಗವನ್ನು ತುಂಬಲು ಬೇಕಾದದ್ದು 2.1. ನಾವು ಅದಕ್ಕಿಂತ ಕೆಳಗೆ ಬಂದು ವರ್ಷಗಳೇ ಆದವು. ಪಠ್ಯಪುಸ್ತಕಗಳು ‘ಅಕ್ಷರಸ್ಥರಾದರೆ ಮಕ್ಕಳು ಕಡಿಮೆ’ ಎನ್ನುತ್ತವೆ. ಸುಳ್ಳಲ್ಲ. ಆದರೆ ಚಾಮರಾಜನಗರದಲ್ಲಿ 2011ರ ಸಾಕ್ಷರತೆ ಶೇಕಡಾ 61 ಮಾತ್ರ, ರಾಜ್ಯದ ಸರಾಸರಿ 75. ಓದು ಹಿಂದುಳಿದ ಜಿಲ್ಲೆಯಲ್ಲೂ ಜನ ಇಷ್ಟು ನಿಧಾನವಾಗಿ ಬೆಳೆದದ್ದು ಹೇಗೆ? ನನ್ನ ಊಹೆ ಇಷ್ಟು. ತುಂಡು ಜಮೀನನ್ನು ಮತ್ತೆ ನಾಲ್ಕು ಪಾಲು ಮಾಡಿದರೆ ಯಾರ ಹೊಟ್ಟೆಯೂ ತುಂಬದು ಎಂಬ ಲೆಕ್ಕ ಹಾಕಲು ಅಕ್ಷರ ಬೇಕಿಲ್ಲ. ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ಬಂದ ಮೇಲೆ ತಾಯಂದಿರು ಎರಡಕ್ಕೇ ಸಾಕು ಎಂದರು. ಆಪರೇಷನ್ನಿನ ಭಾರವನ್ನೂ ಹೆಚ್ಚಾಗಿ ಅವರೇ ಹೊತ್ತರು. ಗಂಡಸರ ಪಾಲು ಅದರಲ್ಲಿ ಎಷ್ಟಿತ್ತು ಎಂಬುದನ್ನು ಗಂಡಸರೇ ಹೇಳಬೇಕು.

ನಾಲ್ಕನೆಯ ಬಾಗಿಲು, ಹೋಗುವವರದು, ನನ್ನನ್ನು ಹೆಚ್ಚು ಕಾಡುತ್ತದೆ.

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತಾಗ ಜಗಲಿಯೊಂದರ ಮೇಲೆ ಕೂತಿದ್ದೆ. ಮನೆಯ ಅಜ್ಜಿ ನೀರು ತಂದುಕೊಟ್ಟರು. ಅಂಗಳದಲ್ಲಿ ಇಬ್ಬರು ಮೊಮ್ಮಕ್ಕಳು. ಬೀದಿಯಲ್ಲಿ ಕಣ್ಣಾಡಿಸಿದರೆ ಮುದುಕರು, ಮಕ್ಕಳು, ಮೇಕೆಗಳು. ನಡುವಯಸ್ಸಿನವರೇ ಇಲ್ಲ. ‘ಎಲ್ಲಾ ಹೊಲಕ್ಕೆ ಹೋಗಿದ್ದಾರಾ ಅಜ್ಜಿ?’ ಎಂದೆ. ‘ಯಾವ್ ಹೊಲ ಕನಪ್ಪ? ಬೆಂಗ್ಳೂರ್ಗೋಗವ್ರೆ. ಅಬ್ಬುಕ್ಕೆ ಬತ್ತರೆ, ಜಾತ್ರಗೆ ಬತ್ತರೆ’ ಎಂದರು.

ಮಳೆ ನಂಬಿದ ಭೂಮಿ, ಕಾಡಂಚಿನ ಹೊಲ, ರಾತ್ರಿ ಆನೆ, ಹಂದಿಗಳ ಕಾಟ. ಗಾರ್ಮೆಂಟ್ಸಿಗೆ, ಕಟ್ಟಡದ ಕೆಲಸಕ್ಕೆ, ಕೊಡಗಿನ ಕಾಫಿ ತೋಟಕ್ಕೆ, ಗಡಿಯಾಚೆ ತಮಿಳುನಾಡಿಗೆ ಜನ ಹೋಗುತ್ತಾರೆ. ಹೋಗುವುದು ತಪ್ಪಲ್ಲ. ಮನುಷ್ಯ ಕಾಲಿರುವ ಪ್ರಾಣಿ. ಆದರೆ ಎಲ್ಲ ವಯಸ್ಸಿನವರೂ ಸಮನಾಗಿ ಹೋಗುವುದಿಲ್ಲ ಎನ್ನುವುದನ್ನು ಗಮನಿಸಿ. ಹೋಗುವವರು ಹದಿನೆಂಟರಿಂದ ನಲವತ್ತೈದರವರು. ಉಳಿಯುವವರು ಅಜ್ಜಿ, ತಾತ, ಮೊಮ್ಮಕ್ಕಳು. ಒಟ್ಟು ಸಂಖ್ಯೆ ಸ್ವಲ್ಪವೇ ಬದಲಾದಂತೆ ಕಂಡರೂ ಊರಿನ ನಡು ಖಾಲಿಯಾಗಿರುತ್ತದೆ.

ಕೆರಿಬಿಯನ್ ದ್ವೀಪಗಳಲ್ಲಿ ಹೀಗೆ ಉಳಿದ ಮಕ್ಕಳಿಗೆ ಒಂದು ಹೆಸರೇ ಇದೆ, ‘ಪೀಪಾಯಿ ಮಕ್ಕಳು’ ಎಂದು. ಜಮೈಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾತು. ಪರದೇಶದಲ್ಲಿ ದುಡಿಯುವ ತಾಯಿ ಬಟ್ಟೆ, ಅಕ್ಕಿ, ಡಬ್ಬಿಯ ತಿನಿಸು, ಬೂಟು, ಆಟದ ಸಾಮಾನನ್ನೆಲ್ಲ ದೊಡ್ಡ ಪೀಪಾಯಿಯೊಂದರಲ್ಲಿ ತುಂಬಿ ಹಡಗಿನಲ್ಲಿ ಕಳಿಸುತ್ತಾಳೆ. ಮಗು ಅಜ್ಜಿಯ ಮನೆಯಲ್ಲಿ ಆ ಪೀಪಾಯಿಯ ದಾರಿ ಕಾಯುತ್ತದೆ. ಬೇಕಾದದ್ದೆಲ್ಲ ಬರುತ್ತದೆ, ಬೂಟಿನ ಅಳತೆ ಮಾತ್ರ ತಪ್ಪಿರುತ್ತದೆ. ಹತ್ತಿರವಿಲ್ಲದ ತಾಯಿಗೆ ಮಗುವಿನ ಪಾದ ಎಷ್ಟು ಬೆಳೆದಿದೆ ಎಂದು ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಪೀಪಾಯಿಯ ಬದಲು ಮೊಬೈಲಿಗೆ ಹಣ ಬರುತ್ತದೆ, ವ್ಯತ್ಯಾಸ ಅಷ್ಟೇ. ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು ಮೇಷ್ಟ್ರು ‘ನಿಮ್ಮಪ್ಪನ್ನ ಕರಕೊಂಡು ಬಾ’ ಎಂದರೆ ಅವನು ಯಾರನ್ನು ಕರೆತರಬೇಕು? ಹೀಗೆ ಊರಲ್ಲಿ ಮಕ್ಕಳನ್ನು ಬಿಟ್ಟು ದುಡಿಯುತ್ತಿರುವ ತಂದೆ ತಾಯಿ ಈ ಪುಟ ಓದುತ್ತಿದ್ದರೆ, ಬೈಯಲು ಬರೆದದ್ದಲ್ಲ ಎಂದು ತಿಳಿಯಬೇಕು. ಆದರೆ ಮಗ ಎಷ್ಟನೇ ತರಗತಿ ಎಂಬುದರ ಜೊತೆಗೆ ಯಾವ ಪಾಠದಲ್ಲಿದ್ದಾನೆ ಎಂದೂ ಫೋನಿನಲ್ಲಿ ಕೇಳಬಹುದಲ್ಲ?

ಅಂಕಿಗಳನ್ನು ಓದುವಾಗ ಇನ್ನೊಂದು ಎಚ್ಚರ. 2011ರಲ್ಲಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 993 ಹೆಂಗಸರು. ರಾಜ್ಯದಲ್ಲಿ 973. ಭೇಷ್ ಎನ್ನುವ ಮೊದಲು ಒಂದು ಪ್ರಶ್ನೆ: ಹೆಂಗಸರು ಹೆಚ್ಚಿದರೋ, ಗಂಡಸರು ಊರು ಬಿಟ್ಟರೋ? ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ ತೆಗೆದುಕೊಂಡರೆ ಇದೇ ಅನುಪಾತ ಸುಮಾರು 950ಕ್ಕೆ ಇಳಿಯುತ್ತದೆ. ಮಕ್ಕಳು ಕೂಲಿಗೆ ವಲಸೆ ಹೋಗುವುದಿಲ್ಲ. ಉತ್ತರ ಅಲ್ಲಿದೆ.

ಬರುವವರ ಬಾಗಿಲು ಪೂರ್ತಿ ಮುಚ್ಚಿದೆಯೆಂದಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯಕ್ಕೆ ಹೋದವರಿಗೆ ಗೊತ್ತು. 1970ರ ದಶಕದಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರಿಗೆ ನೆಲೆ ಸಿಕ್ಕಿತು. ಅವರು ಕಾಡಂಚಿನಲ್ಲಿ ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿದರು. ಬಂದವರ ಮೊಮ್ಮಕ್ಕಳು ಈಗ ಬೆಂಗಳೂರು, ದೆಹಲಿ ದಾಟಿ ಯುರೋಪು, ಅಮೆರಿಕಕ್ಕೆ ಹೊರಟಿದ್ದಾರೆ. ಒಂದೇ ಜಾಗದಲ್ಲಿ ಬರುವ ಬಾಗಿಲೂ ಹೋಗುವ ಬಾಗಿಲೂ ಕಾಣಬೇಕಾದರೆ ಅಲ್ಲಿಗೆ ಹೋಗಿ ನೋಡಬೇಕು.

ನೀರಿನ ನಡುವಿನ ನಿಜವಾದ ದ್ವೀಪವೇ ಬೇಕೆಂದರೆ ಅದೂ ನಮ್ಮಲ್ಲೇ ಇದೆ, ಕೊಳ್ಳೇಗಾಲದಿಂದ ಸ್ವಲ್ಪವೇ ದೂರದ ಶಿವನಸಮುದ್ರ. ಕಾವೇರಿ ಸೀಳಿಕೊಂಡು ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗುವ ನಡುವಿನ ನೆಲ. ಹಿಂದೊಮ್ಮೆ ಅಲ್ಲಿ ಊರಿತ್ತು, ಜನ ಬಿಟ್ಟುಹೋದರು, ಕಾಡು ಮುಚ್ಚಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರರು ಸೇತುವೆ ಕಟ್ಟಿಸಿದ ಮೇಲೆ ಮತ್ತೆ ಜನ ಬಂದರು. ಹೋದವರು ಮರಳಲಿ ಎಂದು ಬಯಸುವವರು ಮೊದಲು ಕಟ್ಟಬೇಕಾದದ್ದೇನು ಎಂಬುದನ್ನು ಆ ಕಲ್ಲಿನ ಕಂಬಗಳನ್ನು ನೋಡಿ ತಿಳಿಯಬಹುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಬೇರೆ. ಅವರು ತಾವಾಗಿ ಹೋದವರಲ್ಲ. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಒಳಗಿನ ಪೋಡುಗಳನ್ನು ಎಬ್ಬಿಸಿ ಅಂಚಿಗೆ ತಂದರು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಅರಣ್ಯ ಹಕ್ಕು ಕಾಯಿದೆಯಡಿ ಅವರ ಸಮುದಾಯದ ಹಕ್ಕಿಗೆ ಮಾನ್ಯತೆ ಸಿಕ್ಕಿತು. ಆ ವರ್ಷದ ಗಣತಿಯಲ್ಲಿ ರಾಜ್ಯದ ಸೋಲಿಗರು ಸುಮಾರು 34 ಸಾವಿರ. ಸೇಂಟ್ ಕಿಟ್ಸ್ ದೇಶದ ಮೂರನೆಯ ಎರಡು ಪಾಲು.

ಇಷ್ಟೆಲ್ಲ 2011, 2011 ಎಂದು ಬರೆಯುತ್ತಿರುವುದಕ್ಕೆ ಓದುಗರು ಬೇಸರಿಸಬಾರದು. 2021ರ ಗಣತಿ ನಡೆಯಲೇ ಇಲ್ಲ. ಅಂದು ಹುಟ್ಟಿದ ಮಗು ಹೈಸ್ಕೂಲು ಮುಟ್ಟಿದರೂ ಪಡಿತರಕ್ಕೆ, ಆಸ್ಪತ್ರೆಗೆ, ಶಾಲೆಗೆ ಅದೇ ಹಳೆಯ ಪುಸ್ತಕ. ಮುಂದಿನ ಗಣತಿಗೆ 2027ರ ಮಾರ್ಚ್ 1 ಎಂದು 2025ರಲ್ಲಿ ಅಧಿಸೂಚನೆಯಾಗಿದೆ. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬುದು 1971ರ ಜನಸಂಖ್ಯೆಯ ಮೇಲೆ ನಿಂತಿದೆ. 2026ರ ನಂತರದ ಮೊದಲ ಗಣತಿಯವರೆಗೆ ಅದನ್ನು ಮುಟ್ಟಬಾರದು ಎಂದು ಸಂವಿಧಾನದಲ್ಲಿ ಬರೆದುಕೊಂಡಿದ್ದೇವೆ. ಎರಡೇ ಸಾಕು ಎಂದ ತಾಯಂದಿರ ರಾಜ್ಯಗಳಿಗೆ ಸ್ಥಾನ ಕಡಿಮೆಯಾದೀತೇ ಎಂಬ ಜಗಳಕ್ಕೆ ಮೂಲ ಇದೇ.

ಗಣತಿ ಬರುವ ಮೊದಲೇ ಒಂದು ಚಿಕ್ಕ ಗಣತಿಯನ್ನು ಮಕ್ಕಳು ಮಾಡಬಹುದು. ನಿಮ್ಮೂರ ಶಾಲೆಯಲ್ಲಿ ದಾಖಲಾತಿ ಪುಸ್ತಕವಿರುತ್ತದೆ. ಮೇಷ್ಟ್ರ ಅನುಮತಿ ಕೇಳಿ, 1995ರಲ್ಲಿ ಒಂದನೇ ತರಗತಿಗೆ ಸೇರಿದವರು ಎಷ್ಟು, 2005ರಲ್ಲಿ, 2015ರಲ್ಲಿ, ಈ ವರ್ಷ ಎಷ್ಟು ಎಂದು ಬರೆದುಕೊಳ್ಳಿ. ಆಮೇಲೆ 1995ರ ಪಟ್ಟಿ ಹಿಡಿದು ಮನೆಮನೆಗೆ ಹೋಗಿ, ಅವರಲ್ಲಿ ಈಗ ಊರಿನಲ್ಲಿರುವವರು ಎಷ್ಟು ಎಂದು ವಿಚಾರಿಸಿ. ಸಂಖ್ಯೆ ಕಡಿಮೆಯಾದದ್ದಕ್ಕೆ ಊರಲ್ಲಿ ಮಕ್ಕಳೇ ಇಲ್ಲವೋ ಅಥವಾ ಹಳದಿ ಬಸ್ಸು ಬಂದು ಪೇಟೆಯ ಖಾಸಗಿ ಶಾಲೆಗೆ ಹೊತ್ತೊಯ್ಯುತ್ತಿದೆಯೋ ಎಂಬುದನ್ನೂ ನೋಡಿ. ಎರಡೂ ಒಂದೇ ಅಲ್ಲ. ಮಕ್ಕಳಿಲ್ಲ ಎಂದು ಶಾಲೆಗೆ ಬೀಗ ಹಾಕುವ ಮಾತು ಬಂದಾಗ ಈ ವ್ಯತ್ಯಾಸ ಬಲ್ಲವರು ಊರಲ್ಲಿ ಒಬ್ಬರಾದರೂ ಇರಬೇಕು.

ಆ ದಿನ ಬಸ್ಸು ರಿಪೇರಿಯಾಗುವುದಕ್ಕೆ ಒಂದು ಗಂಟೆ ಹಿಡಿಯಿತು. ಹೊರಡುವಾಗ ಅಜ್ಜಿಯನ್ನು ಕೇಳಿದೆ, ‘ನಿಮ್ಮ ಮನೇಲಿ ಎಷ್ಟು ಜನ?’ ಬೆರಳು ಮಡಿಸಿ ಎಣಿಸಿದರು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಇಬ್ಬರು ಮೊಮ್ಮಕ್ಕಳು, ತಾವು. ‘ಏಳ್ ಜನ’ ಎಂದರು. ಗಣತಿ ನಡೆಯುವ ದಿನಗಳುದ್ದಕ್ಕೂ ಮನೆಯಲ್ಲಿಲ್ಲದವರನ್ನು ಆ ಮನೆಯ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಗಣತಿಯವರು ಆ ಜಗಲಿಗೆ ಬಂದಾಗ ಬರೆದುಕೊಳ್ಳುವುದು ಮೂರು.