ಡಾಕ್ಟರಿಗೂ ಮೊದಲು ಎದುರಾಗುವವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪಿಯುಸಿ ವಿಜ್ಞಾನ ಓದಿಯೂ ಎಂಬಿಬಿಎಸ್ ಸೀಟು ದಕ್ಕದ ಇಲ್ಲಿನ ಮಕ್ಕಳ ಮನೆಗಳಲ್ಲಿ ಕೇಳಿಬರುವ ಮಾತು, 'ಇನ್ನು ಪ್ಯಾರಾಮೆಡಿಕಲ್ಲೇ ಗತಿ.' ಆದರೆ ಹಳ್ಳಿಯ ರೋಗಿಗೆ ಮೊದಲು ಎದುರಾಗುವವರು ಎಷ್ಟೋ ವೇಳೆ ಡಾಕ್ಟರಲ್ಲ, ಈ ಕೋರ್ಸುಗಳನ್ನು ಓದಿದವರೇ. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದ ನಂತರ, ಹಳ್ಳಿಗರ ಕಣ್ಣಿನ ಪೊರೆಯನ್ನು ಗುರುತಿಸಿ ಶಸ್ತ್ರಚಿಕಿತ್ಸೆಗೆ ಕಳುಹಿಸುತ್ತಾ ಬಂದವರು ತರಬೇತಿ ಪಡೆದ ನೇತ್ರ ಸಹಾಯಕರು.

ಬೆನ್ನುನೋವನ್ನೇ ನೋಡಿ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ಗೊತ್ತಿರುವಂಥದೇ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಗ್ಗದಾಗುತ್ತದೆ. ಕಡಲೆಕಾಯಿ ಹೊಲದಲ್ಲಿ ದಿನವಿಡೀ ಕಳೆ ಕಿತ್ತವರಿಗೂ ಬೆನ್ನುನೋವೇ. ಬೆನ್ನುಮೂಳೆಯ ಕ್ಷಯವೂ ಬೆನ್ನುನೋವಾಗಿಯೇ ಶುರುವಾಗುತ್ತದೆ. ಮೂವರೂ ಔಷಧ ಅಂಗಡಿಯಲ್ಲಿ ಒಂದೇ ನೋವಿನ ಮಾತ್ರೆ ಕೊಂಡು ನುಂಗಿದರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಮಾತ್ರೆ ಬಹುಕಾಲ ಮುಂದುವರಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಮೊದಲು ನೋಡಿದವರು ಈ ಮೂರನ್ನೂ ಬೇರೆ ಬೇರೆಯಾಗಿ ಶಂಕಿಸಬಲ್ಲವರಾಗಿರಬೇಕು. ದುಡಿಮೆಯ ನೋವಿಗೆ ವ್ಯಾಯಾಮ ಹೇಳಿಕೊಡಬಹುದು. ಜ್ವರ, ತೂಕ ಇಳಿಕೆ, ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು - ಇವು ಕಂಡರೆ ತಡಮಾಡದೆ ಡಾಕ್ಟರ ಬಳಿ ಕಳುಹಿಸಬೇಕು. ಯಾವುದು ತನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂಬ ಈ ವಿವೇಕವೇ ತರಬೇತಿಯ ತಿರುಳು. ಯಂತ್ರದ ಗುಂಡಿ ಒತ್ತುವುದನ್ನು ಯಾರಾದರೂ ಕಲಿತಾರು.

ಕಾನೂನೂ ಇದನ್ನು ಮನಗಂಡಿದೆ. ಸಹವರ್ತಿ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯ್ದೆಯ ಪ್ರಕಾರ, ಪದವೀಧರ ಫಿಸಿಯೋಥೆರಪಿಸ್ಟ್ ರೋಗಿಯನ್ನು ಪರೀಕ್ಷಿಸಿ ಸ್ವತಂತ್ರವಾಗಿಯೂ ವೃತ್ತಿ ನಡೆಸಬಹುದು. ಸಹವರ್ತಿ ವೃತ್ತಿಗಳ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆಗಳ ಕಲಿಕೆ ಬೇಕು. ಫಿಸಿಯೋಥೆರಪಿಯಂಥ ಆರೋಗ್ಯಸೇವಾ ವೃತ್ತಿಗಳ ಪದವಿಗೆ 3,600 ಗಂಟೆ. ನರ್ಸಿಂಗ್ ಈ ಕಾಯ್ದೆಗೆ ಸೇರದು. ಆದರೆ 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯಾಧಿಕಾರಿಗಳ ಹುದ್ದೆ ನರ್ಸಿಂಗ್ ಓದಿದವರಿಗೆ ತೆರೆದ ಬಾಗಿಲು. ಅದಕ್ಕೆಂದೇ ಆರು ತಿಂಗಳ ವಿಶೇಷ ತರಬೇತಿಯನ್ನು ರೂಪಿಸಲಾಯಿತು.

ಬ್ರಿಟನ್ನಿನಲ್ಲಿ ಬೆನ್ನು, ಮಂಡಿ ನೋವಿನವರು ಅನೇಕ ಚಿಕಿತ್ಸಾಲಯಗಳಲ್ಲಿ ನೇರವಾಗಿ ಫಿಸಿಯೋಥೆರಪಿಸ್ಟರನ್ನೇ ಕಾಣಬಹುದು. ಆ ಜವಾಬ್ದಾರಿಗೆ ಅಲ್ಲಿ ಬರಿಯ ಪದವಿ ಸಾಲದು. ಮೂರರಿಂದ ಐದು ವರ್ಷಗಳ ಅನುಭವ ಇರಬೇಕು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಾದರೋ ಫಿಸಿಯೋಥೆರಪಿಸ್ಟ್ ಹುದ್ದೆಯೇ ಸಾಮಾನ್ಯವಾಗಿ ಇರುವುದಿಲ್ಲ. ಕೋರ್ಸಿಗೆ ಸೇರುವ ಮುನ್ನ ಈ ಮಾತು ತಿಳಿದಿರಲಿ.

ಪಾಲಕರೇ, ಶುಲ್ಕ ಕಟ್ಟುವ ಮೊದಲು ಕಾಲೇಜಿನಲ್ಲಿ ನಾಲ್ಕು ಪ್ರಶ್ನೆ ಕೇಳಿ. ಮಾನ್ಯತೆ ಕೊಟ್ಟ ವಿಶ್ವವಿದ್ಯಾಲಯ ಅಥವಾ ಮಂಡಳಿ ಯಾವುದು? ಈ ಪ್ರಮಾಣಪತ್ರದಿಂದ ವೃತ್ತಿ ನೋಂದಣಿ ಸಾಧ್ಯವೇ? ಆಸ್ಪತ್ರೆಯಲ್ಲಿ ಎಷ್ಟು ಗಂಟೆಗಳ ಅಭ್ಯಾಸ, ಯಾರ ಮೇಲ್ವಿಚಾರಣೆಯಲ್ಲಿ? ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ತರಬೇತಿ ಉಂಟೇ? ಉತ್ತರಕ್ಕೆ ಬದಲು ಬಣ್ಣದ ಕರಪತ್ರ ಕೈಗಿಟ್ಟರೆ ಮುಂದಿನ ಬಸ್ಸು ಹಿಡಿಯಿರಿ. ನಾಳೆ ನಿಮ್ಮ ಮಗ ಅಥವಾ ಮಗಳ ಎದುರು ಬೆನ್ನು ಹಿಡಿದುಕೊಂಡು ಬಂದು ಕೂರುವವರು ನಿಮ್ಮ ಪಕ್ಕದ ಮನೆಯವರೇ ಆಗಿರಬಹುದು.