ಯಾವೂರು ಕೇಳಿ, ಅಲ್ಲಿಗೇ ನಿಲ್ಲಿಸಿ

ಆಫೀಸಿನವರು ಫ್ರೆಂಚ್ ಕ್ಲಾಸಿಗೆ ಹಾಕಿದ್ದರು. ಮೊದಲ ವಾರವೇ ಎರಡು ಪ್ರಶ್ನೆ ಕಲಿಸಿದರು. ‘ದು ವೆನೇ ವು?’ ಅಂದರೆ ಎಲ್ಲಿಯವರು. ‘ಕೆಲ್ ಎ ವೊತ್ರ್ ನಾಸಿಯೊನಾಲಿತೇ?’ ಅಂದರೆ ಯಾವ ದೇಶದ ಪ್ರಜೆ. ಮೇಗರವಳ್ಳಿಯಲ್ಲಿ ಬೆಳೆದವನಿಗೆ ಇದೇನು ಹೊಸದಾ? ಆಗುಂಬೆ ಬಸ್ಸಿನಲ್ಲಿ ಪಕ್ಕ ಕೂತವರ ಮೊದಲ ಮಾತೇ ‘ಯಾವೂರಾಯ್ತು ಮಾರಾಯ್ರೆ?’

ಅದೇ ಹುರುಪಿನಲ್ಲಿ ಫ್ರಾನ್ಸಿನ ಸಹೋದ್ಯೋಗಿಯನ್ನು ವಿಡಿಯೋ ಕಾಲಿನಲ್ಲಿ ಕೇಳಿದೆ. ‘ಲಿಯಾನ್’ ಅಂದ. ಹೆಸರು ಅರಬ್ಬರದ್ದು. ‘ಅದಲ್ಲ, ಮೂಲ ಎಲ್ಲಿ?’ ಅಂದೆ. ಅವನ ಮುಖ ಸಣ್ಣದಾಯಿತು. ‘ಹುಟ್ಟಿದ್ದೂ ಲಿಯಾನ್’ ಅಂದ. ಎರಡನೇ ಸಲ ಕೇಳುವುದೆಂದರೆ ‘ನೀನು ಇಲ್ಲಿಯವನಲ್ಲ’ ಅಂದ ಹಾಗೇ.

ಆ ಮುಖ ನಾನು ಮೊದಲೇ ನೋಡಿದ್ದೆ. ಬಿಇ ಓದುವಾಗ ಗೆಳೆಯನೊಬ್ಬನನ್ನು ಊರಿಗೆ ಕರೆದೊಯ್ದಿದ್ದೆ. ‘ಯಾವೂರಪ್ಪ?’ ಕೇಳಿದರು. ‘ರಾಯಚೂರ ಕಡೆ’ ಅಂದ. ಸಾಕಾಗಲಿಲ್ಲ. ‘ಯಾರ ಪೈಕಿ?’ ಹೇಳಿದ. ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಬಂತು, ಅವನಿಗೆ ಪೇಪರ್ ಲೋಟದಲ್ಲಿ. ನಾನು ಸುಮ್ಮನೆ ಕುಡಿದೆ. ಅವನು ಮತ್ತೆ ನಮ್ಮನೆಗೆ ಬರಲಿಲ್ಲ.

ಮಲೆನಾಡಿನಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ‘ಯಾರ ಮನೆ’ ಅಂತ ಕೇಳದೆ ಗುರುತು ಹತ್ತುವುದಿಲ್ಲ, ಒಪ್ಪಿದೆ. ‘ಯಾವೂರು’ ಅನ್ನುವುದರಲ್ಲಿ ಪ್ರೀತಿಯೂ ಇದೆ. ಆದರೆ ‘ಯಾರ ಪೈಕಿ’ ಗುರುತಿಗಲ್ಲ, ಲೋಟ ಆರಿಸಲಿಕ್ಕೆ.

ಕೇಳದಿದ್ದರೆ ಎಲ್ಲ ಸರಿಹೋಗುತ್ತಾ? ಇಲ್ಲ. ಜನರ ಜನಾಂಗೀಯ ಮೂಲದ ಮಾಹಿತಿ ಕಲೆಹಾಕುವುದಕ್ಕೆ ಫ್ರಾನ್ಸ್ 1978ರಲ್ಲೇ ಕಾನೂನಿನ ಕಡಿವಾಣ ಹಾಕಿತು. ಆದರೂ ಅಲ್ಲಿ ಹೆಸರು ನೋಡಿ ಕೆಲಸದ ಅರ್ಜಿ ಬದಿಗಿಡುವುದು ನಿಂತಿಲ್ಲ. ಹಾಗಾಗಿ ಜನಗಣತಿಯವರು ಜಾತಿ ಕೇಳಲಿ, ಯಾರಿಗೆ ಏನು ಸಿಕ್ಕಿಲ್ಲ ಅಂತ ಲೆಕ್ಕ ಹಾಕಲಿಕ್ಕೆ ಅದು ಬೇಕು. ಸರ್ಕಾರ ಕೇಳುವುದು ಕೊಡಲಿಕ್ಕೆ, ಜಗಲಿಯಲ್ಲಿ ಕೂತು ಕೇಳುವುದು ತಡೆಯಲಿಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಳ್ಳಿಯವರು ಹಾಗೇ ಬಿಡಿ ಅಂತ ನಗಬೇಡಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹೋದರೆ ‘ಪ್ಯೂರ್ ವೆಜ್ಜಾ?’, ಆಫೀಸಿನ ಊಟದ ಟೇಬಲ್ಲಿನಲ್ಲಿ ‘ಸರ್‌ನೇಮ್ ಏನು?’ ಪ್ರಶ್ನೆ ಪ್ಯಾಂಟು ಹಾಕಿಕೊಂಡಿದೆ, ಅಷ್ಟೇ. ನಮ್ಮ ಸಂವಿಧಾನದ 15ನೇ ವಿಧಿ ಭೇದ ಮಾಡಬಾರದ ಕಾರಣಗಳಲ್ಲಿ ಜಾತಿಯ ಜೊತೆ ಹುಟ್ಟಿದ ಸ್ಥಳವನ್ನೂ ಹೆಸರಿಸಿದೆ. ಈ ಎರಡು ಎಷ್ಟು ಹತ್ತಿರದ ನೆಂಟರು ಅಂತ ಬರೆದವರಿಗೆ ಗೊತ್ತಿತ್ತು.

ಯಾವೂರು ಅಂತ ಧಾರಾಳವಾಗಿ ಕೇಳಿ. ಉತ್ತರ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು ಅನಿಸಿದರೆ, ಕಾಫಿಯೋ ಟೀಯೋ ಅಂತ ಕೇಳಿ. ಲೋಟ ಮಾತ್ರ ಎಲ್ಲರಿಗೂ ಒಂದೇ ಇರಲಿ.