ಇಪ್ಪತ್ತು ಲಕ್ಷ ಜನರ ಭಾಷೆ ಮಾತ್ರೆ ಡಬ್ಬಿಯ ಮೇಲಿದೆ, ನಾಲ್ಕು ಕೋಟಿಯ ಕನ್ನಡ ಎಲ್ಲಿ?

ಕನ್ನಡದ ಯುವಕ ಯುವತಿಯರೇ,

ಒಂದು ಮಾತ್ರೆ ಡಬ್ಬಿಯ ಕತೆ ಹೇಳುತ್ತೇನೆ, ಕೇಳಿ. ಆ ಡಬ್ಬಿ ಈಗ ನನ್ನ ಪ್ರೆಸ್ಸಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ. ಮಾತ್ರೆ ಎಂದೋ ಮುಗಿಯಿತು. ಡಬ್ಬಿಯನ್ನೂ ಅದರೊಳಗಿನ ಕಾಗದವನ್ನೂ ಎಸೆಯಲು ಮನಸ್ಸು ಬಂದಿಲ್ಲ.

2024ರ ಜೂನ್‌ನಲ್ಲಿ ಜರ್ಮನಿಯ ಡ್ಯುಸೆಲ್‌ಡಾರ್ಫ್‌ಗೆ ಹೋಗಿದ್ದೆ. ಅಲ್ಲಿ ದ್ರೂಪಾ ಎಂಬ ಮುದ್ರಣ ಯಂತ್ರಗಳ ದೊಡ್ಡ ಜಾತ್ರೆ. ಹೊಸ ಮಿಷನ್ನು ಕೊಳ್ಳುವ ತಾಕತ್ತು ನನಗಿಲ್ಲ, ನೋಡುವ ಚಪಲ ಅಷ್ಟೆ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ, "ಮಾವ, ಇಷ್ಟು ದೂರ ಬಂದಿದ್ದೀರಿ, ಕ್ರೊಯೇಷಿಯಾದ ಸಮುದ್ರ ತೋರಿಸುತ್ತೇನೆ" ಎಂದು ಕಾರು ಹತ್ತಿಸಿದ. ಮ್ಯೂನಿಕ್, ಸಾಲ್ಜ್‌ಬರ್ಗ್ ದಾಟಿ, ಆಲ್ಪ್ಸ್ ಬೆಟ್ಟಗಳ ಹೊಟ್ಟೆಯೊಳಗೆ ಸುರಂಗದ ಮೇಲೆ ಸುರಂಗ ನುಗ್ಗಿ ಹೋಗುವ ದಾರಿ. ಒಂದೇ ದಿನದಲ್ಲಿ ಮುಗಿಯುವ ಓಟವಲ್ಲ. ರಾತ್ರಿ ತಂಗಿದ್ದು ಸ್ಲೊವೇನಿಯಾ ಎಂಬ ದೇಶದ ರಾಜಧಾನಿ ಲ್ಯುಬ್ಲಿಯಾನಾದಲ್ಲಿ. ಸಂಜೆ ಎಂಟಕ್ಕೆ ಹೋದೆವು, ಬೆಳಿಗ್ಗೆ ಹತ್ತಕ್ಕೆ ಹೊರಟೆವು.

ಹದಿನಾಲ್ಕು ಗಂಟೆಯಲ್ಲಿ ಒಂದು ದೇಶ ಅರ್ಥವಾಯಿತು ಎನ್ನುವಷ್ಟು ಮೂರ್ಖ ನಾನಲ್ಲ. ನನ್ನ ಓದು ಪಿಯುಸಿಗೇ ನಿಂತಿತು. ಆದರೆ ಅಚ್ಚು ಹಾಕಿ ಹೊಟ್ಟೆ ಹೊರೆಯುವವನ ಕಣ್ಣು ಎಲ್ಲಿ ಹೋದರೂ ಬೋರ್ಡು, ಚೀಟಿ, ಲೇಬಲ್ಲುಗಳ ಮೇಲೆಯೇ ಬೀಳುತ್ತದೆ. ಕಂಡದ್ದನ್ನು ಹೇಳುತ್ತೇನೆ. ಕಾಣದ್ದನ್ನು ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ.

ಆ ದೇಶದ ಜನಸಂಖ್ಯೆ ಎಷ್ಟು ಗೊತ್ತೇ? ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬೆಂಗಳೂರು ನಗರವೊಂದೇ 84 ಲಕ್ಷ! ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅಲ್ಲಿನ ರಾಜಧಾನಿಯ ಜನ ಮೂರು ಲಕ್ಷದ ಆಸುಪಾಸು. ಇಂಥ ಅಂಗೈಯಗಲದ ದೇಶಕ್ಕೆ ಕಾಲಿಟ್ಟರೆ ಬೋರ್ಡು ಅವರ ಭಾಷೆ, ಬಿಲ್ಲು ಅವರ ಭಾಷೆ, ಹಾಲಿನ ಪೊಟ್ಟಣ ಅವರ ಭಾಷೆ. ಇಂಗ್ಲಿಷ್ ಇಲ್ಲವೇ? ಇದೆ ಸ್ವಾಮಿ. ಬೇಕಾದ ಕಡೆ ಕೆಳಗೆ, ಸಣ್ಣದಾಗಿ, ಅತಿಥಿ ಕೂರಬೇಕಾದ ಜಾಗದಲ್ಲಿ ಕೂತಿದೆ.

ನನ್ನ ಅಳಿಯ ನಕ್ಕ. "ಮಾವ, ಇಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ಮತ್ತೆ ಯಾಕೆ ಇಷ್ಟು ಖರ್ಚು ಮಾಡಿ ಎಲ್ಲಾ ಈ ಭಾಷೆಯಲ್ಲಿ ಅಚ್ಚು ಹಾಕ್ತಾರೆ?"

ಓದುಗ ಮಿತ್ರರೇ, ಈ ಪ್ರಶ್ನೆ ನಿಮಗೆ ಪರಿಚಯದ್ದಲ್ಲವೇ? ನಮ್ಮ ಸಾಫ್ಟ್‌ವೇರ್ ಮಹಾಶಯರು, ಮಾಲ್ ಮಾಲೀಕರು, ವಿಧಾನಸೌಧದ ಸಾಹೇಬರು ಮೂರು ಹೊತ್ತು ಕೇಳುವ ಪ್ರಶ್ನೆಯೇ ಇದು. ಇಂಗ್ಲಿಷ್ ಬಂದ ಮೇಲೆ ಕನ್ನಡ ಯಾಕೆ? ಲ್ಯುಬ್ಲಿಯಾನಾದ ಹೋಟೆಲಿನ ಹುಡುಗನಿಂದ ಹಿಡಿದು ಟಿಕೆಟ್ಟು ಕೊಡುವವಳವರೆಗೆ ಇಂಗ್ಲಿಷ್ ಬರುತ್ತದೆ, ನಮ್ಮ ಕಾನ್ವೆಂಟ್ ಹುಡುಗರಿಗಿಂತ ಚೆನ್ನಾಗಿಯೇ ಬರುತ್ತದೆ. ಅವರು ಇಂಗ್ಲಿಷ್ ಕಲಿತರು, ಮನೆಯ ಯಜಮಾನಿಕೆಯನ್ನು ಅದಕ್ಕೆ ಬರೆದುಕೊಡಲಿಲ್ಲ. ನಾವು ಇಂಗ್ಲಿಷನ್ನೂ ಅರ್ಧ ಕಲಿತೆವು, ಮನೆಯನ್ನೂ ಬಿಟ್ಟುಕೊಟ್ಟೆವು.

ರಾತ್ರಿ ಊಟವಾದ ಮೇಲೆ ನದಿಯ ದಂಡೆಗೆ ನಡೆದೆವು. ಊರಿನ ನಟ್ಟನಡುವೆ ಮೂರು ಸೇತುವೆಗಳು ಅಕ್ಕಪಕ್ಕ ಸೇರಿಕೊಂಡಿವೆ. ಅದರ ಮುಂದಿನ ಚೌಕದಲ್ಲಿ ಎತ್ತರದ ಪ್ರತಿಮೆ. ರಾಜನೋ ದಂಡನಾಯಕನೋ ಇರಬೇಕೆಂದುಕೊಂಡೆ. ಅಲ್ಲ, ಕವಿ! ಫ್ರಾನ್ಸೆ ಪ್ರೆಶೆರೆನ್, 1800ರಲ್ಲಿ ಹುಟ್ಟಿ 1849ರಲ್ಲಿ ಸತ್ತ ವಕೀಲ. ಪ್ರತಿಮೆ ನಿಂತದ್ದು 1905ರಲ್ಲಿ, ಅಂದರೆ ಆಸ್ಟ್ರಿಯಾದ ಚಕ್ರವರ್ತಿ ಆಳುತ್ತಿದ್ದಾಗಲೇ. ಅವನು ಸತ್ತ ದಿನವಾದ ಫೆಬ್ರವರಿ 8ರಂದು ಇಡೀ ದೇಶಕ್ಕೆ ಸರ್ಕಾರಿ ರಜೆ. ಅವನ ಪದ್ಯದ ಒಂದು ನುಡಿಯೇ ಅವರ ರಾಷ್ಟ್ರಗೀತೆ.

ಬೆಳಿಗ್ಗೆ ಎದ್ದರೆ ನನಗೆ ತಲೆನೋವು, ಬೆಟ್ಟದ ಗಾಳಿಯದು. ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಎಷ್ಟು ಹೊತ್ತಿಗೆ, ಎಷ್ಟು ಎಂದು ಸಾವಧಾನವಾಗಿ ಹೇಳಿದಳು. ಡಬ್ಬಿ ತೆರೆದೆ. ಸಿಗರೇಟು ಹಾಳೆಯಷ್ಟು ತೆಳು ಕಾಗದ, ಹತ್ತಾರು ಮಡಿಕೆ, ಎರಡೂ ಬದಿ ಅಚ್ಚು, ಒಂದು ಅಕ್ಷರವೂ ಹಿಂಬದಿಗೆ ಇಳಿದಿಲ್ಲ. ಎಲ್ಲವೂ ಸ್ಲೊವೀನ್ ಭಾಷೆಯಲ್ಲಿ! ಡಬ್ಬಿಯ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಉಬ್ಬು. ಕಣ್ಣಿಲ್ಲದವರು ಮುಟ್ಟಿ ಓದುವ ಬ್ರೈಲ್ ಲಿಪಿ. ಔಷಧದ ಒಳಗಿನ ಕಾಗದ ಆಯಾ ದೇಶದ ಅಧಿಕೃತ ಭಾಷೆಯಲ್ಲಿ ಇರಲೇಬೇಕು ಎಂಬುದು ಯುರೋಪಿಯನ್ ಒಕ್ಕೂಟದ ಕಾನೂನು. ಎಷ್ಟೇ ದೊಡ್ಡ ಕಂಪನಿಯಾಗಲಿ, ಆ 21 ಲಕ್ಷ ಜನರಿಗಾಗಿ ಬೇರೆ ಪ್ಲೇಟು ಮಾಡಿಸಿ, ಬೇರೆ ಅಚ್ಚು ಹಾಕಿಸಬೇಕು.

ಅಂಗಡಿಯ ಬಾಗಿಲಲ್ಲೇ ಆ ಕಾಗದ ಹಿಡಿದು ನಿಂತೆ. ನನ್ನ ತಾಯಿ ನೆನಪಾದಳು.

2019ರಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಅಮ್ಮನಿಗೆ ಬಿಪಿ ಮಾತ್ರೆ ಬೇರೆ, ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ. ಎರಡೂ ಬೆಳ್ಳಿ ಬಣ್ಣದ ಪಟ್ಟಿ, ಎರಡರ ಮೇಲೂ ಸಾಸಿವೆ ಕಾಳಿನಂಥ ಇಂಗ್ಲಿಷ್. ಬಿಪಿಯದೆಂದು ಸಕ್ಕರೆಯ ಮಾತ್ರೆಯನ್ನೇ ಇನ್ನೊಮ್ಮೆ ನುಂಗಿದಳು. ರಾತ್ರಿ ಎರಡಕ್ಕೆ ಮೈಯೆಲ್ಲ ಬೆವತು ಪ್ರಜ್ಞೆ ತಪ್ಪಿತು. ಆಟೋದಲ್ಲಿ ಹಾಕಿಕೊಂಡು ಓಡಿದೆವು, ಗ್ಲೂಕೋಸ್ ಹಾಕಿ ಉಳಿಸಿಕೊಟ್ಟರು. "ಓದಲು ಬಾರದವರ ಕೈಗೆ ಮಾತ್ರೆ ಯಾಕೆ ಕೊಡುತ್ತೀರಿ?" ಎಂದು ಅಲ್ಲಿ ಒಬ್ಬರು ಗದರಿದರು. ಓದಲು ಬಾರದವಳೇ? ದಿನವೂ ಬೆಳಿಗ್ಗೆ ಪತ್ರಿಕೆಯ ಸಂಪಾದಕೀಯದವರೆಗೆ ಓದುವವಳು ನನ್ನಮ್ಮ. ನನ್ನ ಪ್ರೆಸ್ಸಿನ ಕರಡಿನಲ್ಲಿ ತಪ್ಪು ಹಿಡಿಯುವವಳು ಆಕೆ. ಅವಳನ್ನು ನಿರಕ್ಷರಿ ಮಾಡಿದ್ದು ಆ ಮಾತ್ರೆ ಪಟ್ಟಿ!

ಈಗ ಹೇಳಿ, ಭಾಷೆ ಎಂದರೆ ಬರೀ ಭಾವನೆಯ ಮಾತೇ? ನವೆಂಬರ್ ತಿಂಗಳ ಆರ್ಕೆಸ್ಟ್ರಾವೇ?

ಮಾತ್ರೆಗೆ ದುಡ್ಡು ಕೊಟ್ಟಾಗ ಚಿಲ್ಲರೆಯಲ್ಲಿ ಒಂದು ಯೂರೋ ನಾಣ್ಯ ಬಂತು. ಅದರ ಮೇಲೆ ಗಡ್ಡದ ಮುಖ. ಯಾರಮ್ಮ ಇವರು ಎಂದು ಕೇಳಿದೆ. "ನಮ್ಮ ಮೊದಲ ಪುಸ್ತಕ ಅಚ್ಚು ಹಾಕಿಸಿದವರು" ಎಂದಳು. ಅಚ್ಚು ಎಂಬ ಮಾತು ಕೇಳಿ ನನ್ನ ಅರ್ಧ ತಲೆನೋವು ಅಲ್ಲೇ ಇಳಿಯಿತು. ಪ್ರಿಮೋಜ್ ಟ್ರೂಬಾರ್ ಎಂಬ ಪಾದ್ರಿ. ಆ ಭಾಷೆಯಲ್ಲಿ ಹಳೆಯ ಕೈಬರಹದ ಹಾಳೆಗಳಿದ್ದವು, ಅಚ್ಚಾದ ಪುಸ್ತಕ ಒಂದೂ ಇರಲಿಲ್ಲ. ಈತ ಊರಿನಿಂದ ತಪ್ಪಿಸಿಕೊಂಡು ಹೋಗಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ 1550ರಲ್ಲಿ ಧರ್ಮಬೋಧೆಯ ಒಂದು ಪುಸ್ತಕವನ್ನೂ ಅಕ್ಷರ ಕಲಿಸುವ ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿದ. ಆಮೇಲೆ 1575ರಲ್ಲಿ ಲ್ಯುಬ್ಲಿಯಾನಾದಲ್ಲೇ ಒಬ್ಬ ಪ್ರೆಸ್ಸು ಇಟ್ಟ. ಬೈಬಲ್ಲನ್ನು ಜನರ ಭಾಷೆಯಲ್ಲಿ ಅಚ್ಚು ಹಾಕಲು ಹೊರಟನೆಂದು ಆಳುವವರು ಅವನ ಪ್ರೆಸ್ಸು ಮುಚ್ಚಿಸಿ, ಅವನನ್ನು ಊರು ಬಿಡಿಸಿದರು. ಯೂರಿ ದಾಲ್ಮಾಟಿನ್ ಅನುವಾದಿಸಿದ ಆ ಬೈಬಲ್ಲು ಕೊನೆಗೆ 1584ರಲ್ಲಿ ದೂರದ ವಿಟೆನ್‌ಬರ್ಗ್‌ನಲ್ಲಿ ಅಚ್ಚಾಗಿ ಬಂತು. ಭಾಷೆಗಾಗಿ ಪ್ರೆಸ್ಸು ಕಳೆದುಕೊಂಡ ನನ್ನ ಕುಲದವನೊಬ್ಬ ಅಲ್ಲಿದ್ದ!

ಅಂದಹಾಗೆ ಟ್ಯೂಬಿಂಗನ್ ನಮಗೇನೂ ದೂರದ ಊರಲ್ಲ. ನಮ್ಮ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ತಂದ ಹರ್ಮನ್ ಮೊಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕಣ್ಣುಮುಚ್ಚಿದ್ದೂ ಅಲ್ಲೇ, 1903ರಲ್ಲಿ. ಅವರು 1550ರಲ್ಲಿ ಮೊದಲ ಪುಸ್ತಕ ಅಚ್ಚು ಹಾಕುವ ಹೊತ್ತಿಗೆ ನಮ್ಮ ಕವಿರಾಜಮಾರ್ಗಕ್ಕೆ ಏಳುನೂರು ವರ್ಷ ತುಂಬಿತ್ತು. ಅವರು ತಮ್ಮ ಮುದ್ರಿತ ಅಕ್ಷರದ ಮೂಲಪುರುಷನನ್ನು ನಾಣ್ಯದ ಮೇಲೆ ಕೂರಿಸಿದ್ದಾರೆ. ನಮ್ಮ ನೋಟಿನ ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲು. ಕನ್ನಡಕ ಹಾಕಿಕೊಂಡು ಹುಡುಕಿ.

ಇದೆಲ್ಲ ಅವರಿಗೆ ಪುಕ್ಕಟೆ ಸಿಕ್ಕಿತೇ? ಇಲ್ಲ. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನೆ ಹಿಡಿದ ಭಾಗದಲ್ಲಿ ಶಾಲೆಗಳಿಂದ ಸ್ಲೊವೀನ್ ಭಾಷೆಯನ್ನು ಕಿತ್ತು ಹಾಕಿ, ಪುಸ್ತಕಗಳನ್ನು ಸುಟ್ಟರು. ಆಮೇಲೆ ಯುಗೊಸ್ಲಾವಿಯಾ. 1988ರಲ್ಲಿ ನಾಲ್ವರ ಮೇಲೆ ಸೇನಾ ಗುಟ್ಟು ಬಯಲು ಮಾಡಿದ ಆರೋಪ ಹೊರಿಸಿ ಲ್ಯುಬ್ಲಿಯಾನಾದಲ್ಲೇ ಮಿಲಿಟರಿ ಕೋರ್ಟು ವಿಚಾರಣೆ ನಡೆಸಿತು. ಯಾವ ಭಾಷೆಯಲ್ಲಿ? ಸೈನ್ಯದ ಭಾಷೆ ಸರ್ಬೋ-ಕ್ರೊಯೇಷಿಯನ್‌ನಲ್ಲಿ. ನಮ್ಮ ಊರಿನಲ್ಲೇ ನಮ್ಮ ಮಕ್ಕಳನ್ನು ನಮ್ಮದಲ್ಲದ ಭಾಷೆಯಲ್ಲಿ ವಿಚಾರಿಸುವುದೇ ಎಂದು ಸಾವಿರಾರು ಜನ ಬೀದಿಗಿಳಿದರು. ಆ ಕಿಚ್ಚು ಆರಲಿಲ್ಲ, 1991ರಲ್ಲಿ ದೇಶವೇ ಬೇರೆಯಾಯಿತು. ನಮ್ಮದು ಆ ದಾರಿಯಲ್ಲ. ಒಕ್ಕೂಟದಲ್ಲಿದ್ದೇ ನಮ್ಮ ಪಾಲು ಕೇಳುವವರು ನಾವು. ಆದರೆ ಕೋರ್ಟು, ಬ್ಯಾಂಕು, ರೈಲ್ವೆಯಲ್ಲಿ ಜನರ ಭಾಷೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ದೆಹಲಿಯವರು ಒಮ್ಮೆ ಓದಿಕೊಳ್ಳಲಿ.

ಇನ್ನೊಂದು ಮಾತು, ಇದು ನಮ್ಮ ಹುಡುಗರಿಗೆ. ಸುರಂಗ ದಾಟುವ ಮೊದಲು ಸಿಗುವುದು ಆಸ್ಟ್ರಿಯಾದ ಕರಿಂತಿಯಾ ಸೀಮೆ. ಅಲ್ಲಿ ಸ್ಲೊವೀನರು ಅಲ್ಪಸಂಖ್ಯಾತರು. ಅವರ ಭಾಷೆಯಲ್ಲೂ ಊರಿನ ಬೋರ್ಡು ಇರಬೇಕೆಂದು 1955ರ ಒಪ್ಪಂದವೇ ಹೇಳಿತ್ತು. 1972ರಲ್ಲಿ ಬೋರ್ಡು ಹಾಕಿದರೆ ಜರ್ಮನ್ ಭಾಷಿಕರ ಗುಂಪುಗಳು ಕಿತ್ತೆಸೆದವು. 164 ಊರುಗಳಲ್ಲಿ ಎರಡೂ ಭಾಷೆಯ ಬೋರ್ಡು ಇರಲಿ ಎಂದು ರಾಜಿಯಾದದ್ದು 2011ರಲ್ಲಿ! ಅದೇ ಸ್ಲೊವೇನಿಯಾದ ಸಂವಿಧಾನವಾದರೋ ಇಟಾಲಿಯನ್, ಹಂಗೇರಿಯನ್ ಜನರಿರುವ ಊರುಗಳಲ್ಲಿ ಅವರ ಭಾಷೆಯೂ ಅಧಿಕೃತ ಎಂದು ಒಪ್ಪಿಕೊಂಡಿದೆ. ಬೋರ್ಡಿಗೆ ಕಲ್ಲು ಹೊಡೆಯುವ ಮೊದಲು ಇದನ್ನು ನೆನೆಯಿರಿ. ಗಾಜು ಒಡೆದರೆ ಮರುದಿನ ಪತ್ರಿಕೆಯಲ್ಲಿ ಗಾಜಿನ ಸುದ್ದಿ ಬರುತ್ತದೆ, ಕನ್ನಡದ ಸುದ್ದಿ ಬರುವುದಿಲ್ಲ.

ಅವರಿಗೆ 2004ರಲ್ಲೇ ಸಾರ್ವಜನಿಕ ಬಳಕೆಯಲ್ಲಿ ತಮ್ಮ ಭಾಷೆ ಕಡ್ಡಾಯ ಮಾಡುವ ಕಾನೂನು ಬಂತು. ನಮಗೂ ಕಾನೂನಿಗೆ ಬರವಿಲ್ಲ. 1963ರ ರಾಜಭಾಷಾ ಕಾಯ್ದೆ, 2022ರ ಸಮಗ್ರ ಅಭಿವೃದ್ಧಿ ಕಾಯ್ದೆ, ಬೋರ್ಡಿನಲ್ಲಿ ಶೇಕಡ 60 ಕನ್ನಡ ಎಂಬ 2024ರ ತಿದ್ದುಪಡಿ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಕನ್ನಡವೂ ಇರಬೇಕು ಎಂದೂ ಬರೆದಿದೆ. ಔಷಧದ ಲೇಬಲ್ಲು ಮಾತ್ರ ದೆಹಲಿಯ 1940ರ ಕಾಯ್ದೆಯ ಕೈಯಲ್ಲಿದೆ. ನಮ್ಮ ಸಂಸದರು ಇದಕ್ಕಾಗಿ ಎದ್ದು ನಿಂತದ್ದನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಬೇರೆಯವರನ್ನು ಬೈದದ್ದಾಯಿತು, ಇನ್ನು ನನ್ನ ಸರದಿ. ಚಾಮರಾಜಪೇಟೆಯ ನನ್ನ ಪ್ರೆಸ್ಸಿಗೆ ಬರುವ ಮದುವೆ ಕಾರ್ಡುಗಳಲ್ಲಿ ಎಷ್ಟೋ ಪೂರಾ ಇಂಗ್ಲಿಷ್. ಗಂಡಿನ ಅಜ್ಜನಿಗೆ ಓದಲು ಬಾರದ ಕಾರ್ಡಿನಲ್ಲಿ ಅಜ್ಜನ ಹೆಸರು! ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಅಚ್ಚು ಹಾಕಿ ದುಡ್ಡು ಎಣಿಸಿದ್ದೇನೆ. ನಮ್ಮಪ್ಪ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದೊಂದು ಒತ್ತಕ್ಷರ ಹುಡುಕಿ ಕೂರಿಸಲು ಬೆರಳು ಸವೆಯುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸ. ನೆಪ ಹೇಳಲು ನನಗೆ ಮುಖವಿಲ್ಲ. ನೀವೂ ಅಷ್ಟೆ. ಕನ್ನಡದ ಧ್ವಜ ಹಿಡಿದ ಫೋಟೋದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವವರು ನೀವಲ್ಲವೇ?

ಈಗ ನಾನು ಮಾಡಿರುವ ಕೆಲಸ ಕೇಳಿ. ಅಂಟಿಸುವ ಸಣ್ಣ ಚೀಟಿ ಅಚ್ಚು ಹಾಕಿಸಿದ್ದೇನೆ. ದಪ್ಪ ಕನ್ನಡ ಅಕ್ಷರದಲ್ಲಿ "ಬಿಪಿ ಮಾತ್ರೆ", "ಸಕ್ಕರೆ ಮಾತ್ರೆ", "ಬೆಳಿಗ್ಗೆ", "ರಾತ್ರಿ", "ಊಟಕ್ಕೆ ಮೊದಲು", "ಊಟದ ನಂತರ". ಬಿಪಿಗೆ ನೀಲಿ, ಸಕ್ಕರೆಗೆ ಕೆಂಪು. ಒಂದು ಹಾಳೆಗೆ 48 ಚೀಟಿ. ನಮ್ಮ ಬೀದಿಯ ಎರಡು ಮೆಡಿಕಲ್ ಸ್ಟೋರಿನವರು ಇಟ್ಟುಕೊಂಡಿದ್ದಾರೆ, ಕೇಳಿದವರ ಪಟ್ಟಿಗೆ ಅಂಟಿಸಿಕೊಡುತ್ತಾರೆ. ಅಂಟಿಸುವಾಗ ಔಷಧದ ಹೆಸರೂ ತಾರೀಖೂ ಮುಚ್ಚಬಾರದು, ಯಾವುದಕ್ಕೆ ಯಾವ ಚೀಟಿ ಎಂಬುದನ್ನು ಅಂಗಡಿಯವರೇ ನೋಡಿ ಹಾಕಬೇಕು. ನಿಮ್ಮ ಬಡಾವಣೆಯ ಅಂಗಡಿಗಳಿಗೆ ಬೇಕಿದ್ದರೆ ಬನ್ನಿ, ಹಾಳೆಗೆ ದುಡ್ಡು ಬೇಡ. ಈ ಪತ್ರಿಕೆ ಹಂಚುವ ಹುಡುಗರಿಗೆ ನನ್ನ ವಿಳಾಸ ಗೊತ್ತು. ಪ್ರೆಸ್ಸು ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುತ್ತದೆ. ಹನ್ನೊಂದರವರೆಗೆ ಅಮ್ಮನೂ ಅಲ್ಲೇ ಕೂತು ಕರಡು ನೋಡುತ್ತಿರುತ್ತಾಳೆ.